ಕಬಿನಿಯಲ್ಲಿ ಕಾಡಾನೆ ಕಣ್ತುಂಬ ನೋಡಬೇಕೆ?

1. ಬೇಸಿಗೆಯಲ್ಲೇ ಹೋಗಿ. ಮಾರ್ಚ್‌ನಿಂದ ಮೇವರೆಗೆ ಕಬಿನಿ ಜಲಾಶಯದ ನೀರು ಇಳಿದು, ತೆರವಾದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಕಟ್ಟೆ ಬತ್ತಿದಾಗ ನಾಗರಹೊಳೆ, ಬಂಡೀಪುರ, ವಯನಾಡಿನ ಹಿಂಡುಗಳು ನೀರು, ಮೇವು ಎರಡನ್ನೂ ಹುಡುಕಿಕೊಂಡು ಇಲ್ಲಿಗೆ ಬರುತ್ತವೆ. ಮಳೆ ಹಿಡಿಯಿತೋ, ಮತ್ತೆ ಕಾಡಿನ ತುಂಬ ಚದುರುತ್ತವೆ.

2. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಒಂದೇ ಸಫಾರಿಗೆ ಸಮಯವಿದ್ದರೆ ಸಂಜೆಯದನ್ನು ಆರಿಸಿ. ಬಿಸಿಲು ತಗ್ಗಿದ ಮೇಲೆ ಹಿಂಡುಗಳು ಬಯಲಿಗೆ ಇಳಿಯುತ್ತವೆ.

3. ಹುಲಿಯ ಹಿಂದೆ ಓಡಬೇಡಿ. ಹುಲಿ ಸುದ್ದಿ ಬಂದ ಕೂಡಲೇ ಜೀಪುಗಳೆಲ್ಲ ಅತ್ತ ನುಗ್ಗುತ್ತವೆ, ಆನೆ ದಾರಿಯಲ್ಲೇ ಉಳಿಯುತ್ತದೆ. ನಮಗೆ ಆನೆ ಸಾಕು ಎಂದು ಹತ್ತುವಾಗಲೇ ಡ್ರೈವರಣ್ಣನಿಗೆ ಹೇಳಿಬಿಡಿ. ಜೊತೆಯಲ್ಲಿರುವವರನ್ನೂ ಒಪ್ಪಿಸಿ.

4. ಒಂದೇ ಹಿಂಡಿನ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ. ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ಆನೆ ಮುಂಗಾಲಿನಿಂದ ಹುಲ್ಲಿನ ಬುಡ ಒದ್ದು ಸಡಿಲಿಸಿ, ಸೊಂಡಿಲಲ್ಲಿ ಸುತ್ತಿ ಕಿತ್ತು, ಕಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗಿಡುತ್ತದೆ. ಪುಟ್ಟ ಮರಿಗೆ ಸೊಂಡಿಲು ಇನ್ನೂ ಪಳಗಿರುವುದಿಲ್ಲ. ನೀರಿಗೆ ಬಾಯಿ ಹಾಕಿಯೇ ಕುಡಿಯುತ್ತದೆ. ಯಾರು ಮೊದಲು ಹೆಜ್ಜೆಯಿಟ್ಟರೆ ಉಳಿದವು ಹಿಂಬಾಲಿಸುತ್ತವೆ ಎಂದು ಗಮನಿಸಿ. ಸಾಮಾನ್ಯವಾಗಿ ಅದು ಹಿರಿಯ ಹೆಣ್ಣಾನೆ. ಉದ್ದ ದಂತವಿದ್ದರೆ ಗಂಡು. ದಂತವಿಲ್ಲದ ಗಂಡೂ ಉಂಟು, ಅದಕ್ಕೆ ಮಖ್ನಾ ಎನ್ನುತ್ತಾರೆ.

5. ಕಿವಿ ನೋಡಿ. ನಿಧಾನವಾಗಿ ಬೀಸುತ್ತಿದ್ದರೆ ಆನೆ ಸಮಾಧಾನದಲ್ಲಿದೆ. ಕಿವಿ ಅಗಲಿಸಿ, ತಲೆಯೆತ್ತಿ, ಸೊಂಡಿಲ ತುದಿಯಿಂದ ಗಾಳಿ ಮೂಸುತ್ತ ನಿಂತಿತೆಂದರೆ ನೀವು ಹತ್ತಿರವಾದಿರಿ. ಗಾಡಿ ಹಿಂದಕ್ಕೆ ಹೋಗಲಿ. ಕಣ್ಣು–ಕಿವಿಯ ನಡುವೆ ಒದ್ದೆ ಗೆರೆ ಇಳಿದಿದ್ದರೆ ಸಲಗಕ್ಕೆ ಮದ ಬಂದಿದೆ, ದೂರದಿಂದಲೇ ನೋಡಿ. ತಾಯಿ–ಮರಿಯ ನಡುವೆ ಗಾಡಿ ಬರುವಂತೆ ಎಂದೂ ನಿಲ್ಲಿಸಬೇಡಿ.

6. ಸೆಂಟು ಬೇಡ, ತಿಂಡಿ ಪೊಟ್ಟಣ ಬೇಡ, ಫೋನು ಸೈಲೆಂಟಾಗಿರಲಿ. ಬೈನಾಕ್ಯುಲರ್ ಇರಲಿ.

7. ನೆಲದ ಕಥೆ ತಿಳಿದು ಹೋಗಿ. ಆನೆಗಳನ್ನು ಅಟ್ಟಿ ಹಿಡಿಯುತ್ತಿದ್ದ ಕಾಕನಕೋಟೆ ಖೆಡ್ಡಾ ಇಲ್ಲೇ ನಡೆಯುತ್ತಿತ್ತು. 1971ರದ್ದೇ ಕೊನೆಯದು. ಆ ಕಾಡಿನ ಒಂದಷ್ಟು ಭಾಗ ಈಗ ಜಲಾಶಯದಡಿ ಇದೆ. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು. ಅವುಗಳ ಕಾಟಕ್ಕೆ ರಾತ್ರಿಯಿಡೀ ಹೊಲ ಕಾಯುವ ಕಾಡಂಚಿನ ರೈತರ ಮಾತನ್ನೂ ಕೇಳಿ ಬನ್ನಿ.

8. ಸ್ವಂತ ಕಾರಿನಲ್ಲಿ ಕಾಡಿನ ರಸ್ತೆ ಹಿಡಿದರೆ ಎಲ್ಲೂ ಇಳಿಯಬೇಡಿ. ಬಂಡೀಪುರದ ಹೆದ್ದಾರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ, ಅದಕ್ಕೆ ತಕ್ಕಂತೆ ಹೊರಡಿ. ಆನೆ ರಸ್ತೆ ದಾಟುತ್ತಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮುಟ್ಟಬೇಡಿ. ಒಂದು ದಾಟಿತೆಂದು ಗಾಡಿ ಎಬ್ಬಿಸದಿರಿ. ಮರಿ, ತಾಯಿ ಇನ್ನೂ ಪೊದೆಯೊಳಗೇ ಇರಬಹುದು.