ಬ್ರಹ್ಮಾಂಡದ ಹಳೇ ಬೆಳಕು ಎಲ್ಲಿ ಹೋಯ್ತು?

ಮಕ್ಕಳೇ, ಹಳೇ ಕಾಲದ ಹಳದಿ ಬಲ್ಬು ನೋಡಿದ್ದೀರಾ? ಊರಲ್ಲಿ ಅಜ್ಜಿ ಮನೆ ಹಿತ್ತಿಲಲ್ಲಿ ಇನ್ನೂ ಒಂದು ಇರಬಹುದು. ಬ್ರಹ್ಮಾಂಡ ಹುಟ್ಟಿ ಸುಮಾರು 3,80,000 ವರ್ಷ ಆದಾಗ ಎಲ್ಲೆಲ್ಲೂ ಹೆಚ್ಚುಕಡಿಮೆ ಅದೇ ಬಣ್ಣದ ಬೆಳಕು ತುಂಬಿತ್ತು. ಆಗಿನ ತಾಪ ಸುಮಾರು 3000 ಕೆಲ್ವಿನ್. ಅದಕ್ಕೂ ಮುಂಚೆ ಬೆಳಕು, ಮಂಜು ಮುಸುಕಿದ ಬೆಳಗ್ಗೆ ಶೇಖ್ ಜಾಯೆದ್ ರಸ್ತೆಯಲ್ಲಿ ಕಾರಿನ ದೀಪ ಚದುರುವ ಹಾಗೆ, ಬಿಡಿ ಎಲೆಕ್ಟ್ರಾನ್‌ಗಳಿಗೆ ಬಡಿದು ಚದುರುತ್ತಿತ್ತು. ಅವು ಪರಮಾಣುಗಳೊಳಗೆ ಸೇರಿಕೊಂಡಾಗ ಮಂಜು ಕರಗಿ ಬೆಳಕಿಗೆ ದಾರಿ ಸಿಕ್ಕಿತು. ಆ ಬೆಳಕು ಸುಮಾರು 1380 ಕೋಟಿ ವರ್ಷ ಪ್ರಯಾಣ ಮಾಡಿ ಈಗಲೂ ನಮ್ಮನ್ನು ತಲುಪುತ್ತಿದೆ.

ಹಾಗಾದರೆ ರಾತ್ರಿ ಆಕಾಶ ಯಾಕೆ ಕಪ್ಪು?

ಅಮ್ಮನ ಹೊಲಿಗೆ ಡಬ್ಬಿಯಿಂದ ಅಗಲವಾದ ಎಲಾಸ್ಟಿಕ್ ತುಂಡು ಕೇಳಿ ತನ್ನಿ. ಅದರ ಮೇಲೆ ಪೆನ್ನಿನಿಂದ ಹಾವಿನ ಹಾಗೆ ಅಲೆ ಬರೆದು ಎಳೆಯಿರಿ. ಅಲೆ ಉದ್ದ ಆಯ್ತಲ್ವಾ? ಆಗಿನಿಂದ ಈಗಿನವರೆಗೆ ಬ್ರಹ್ಮಾಂಡ ಸುಮಾರು 1100 ಪಟ್ಟು ಹಿಗ್ಗಿದೆ, ಬೆಳಕಿನ ಅಲೆಯೂ ಅಷ್ಟೇ ಪಟ್ಟು ಉದ್ದವಾಗಿದೆ. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿದ್ದದ್ದು ಈಗ ಸುಮಾರು ಒಂದು ಮಿಲಿಮೀಟರ್! ಅದು ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ಮೈಕ್ರೋವೇವ್.

ಅಲೆ ಉದ್ದವಾದಷ್ಟೂ ಬೆಳಕು ತಣ್ಣಗಾಗುತ್ತೆ. ಚಹಾ ಆರುವಾಗ ಬಿಸಿ ಗಾಳಿಗೆ ಹೋಗುತ್ತದೆ. ಇಲ್ಲಿ ಬಿಸಿ ಯಾರಿಗೂ ಹೋಗಲಿಲ್ಲ, ಅಲೆಯೇ ಹಿಗ್ಗಿತು. ಬ್ರಹ್ಮಾಂಡಕ್ಕೆ ಸುಮಾರು 1.3 ಕೋಟಿ ವರ್ಷ ಆದಾಗ ಆ ಬೆಳಕಿನ ತಾಪ 45 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ದುಬೈನ ಜುಲೈ ಮಧ್ಯಾಹ್ನ. ಎಲ್ಲಿ ಹೋದರೂ ಅದೇ ಸೆಕೆ, ಎಸಿ ಮಾತ್ರ ಇಲ್ಲ! ಈಗ ಮೈನಸ್ 270.

1964ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಒಂದು ಗುಂಯ್ ಸದ್ದು ನಿಲ್ಲಲೇ ಇಲ್ಲ. ಪಾರಿವಾಳದ ಹಿಕ್ಕೆ ತೊಳೆದರೂ ಹೋಗಲಿಲ್ಲ. ಅದೇ ಈ ಹಳೇ ಬೆಳಕು! 1978ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನಮ್ಮ ಊರಿನ ಕಥೆ. ಮೊದಲ ನಕ್ಷತ್ರಗಳು ಹುಟ್ಟಿದಾಗ ಸುತ್ತಲಿನ ಹೈಡ್ರೋಜನ್ ಈ ಹಳೇ ಬೆಳಕಿನಲ್ಲಿ 21 ಸೆಂಟಿಮೀಟರ್ ಅಲೆಯನ್ನು ಸ್ವಲ್ಪ ಹೀರಿಕೊಂಡಿರಬೇಕು. ಆ ಗುರುತೂ ಹಿಗ್ಗಿ ಈಗ ಮೀಟರ್‌ಗಟ್ಟಲೆ ಉದ್ದದ ರೇಡಿಯೋ ಅಲೆ. 2018ರಲ್ಲಿ ಅಮೆರಿಕದ ಒಂದು ತಂಡ, ಆಸ್ಟ್ರೇಲಿಯಾದಲ್ಲಿಟ್ಟ ಆಂಟೆನಾದಿಂದ ಅದು ಸಿಕ್ಕಿತು ಅಂತ ಹೇಳಿತು. ಆದರೆ ಆ ಗುರುತು ಲೆಕ್ಕಕ್ಕಿಂತ ತೀರಾ ಗಾಢವಾಗಿತ್ತು. ನಿಜವಾದರೆ ಭೌತವಿಜ್ಞಾನದ ಪುಸ್ತಕಗಳನ್ನೇ ತಿದ್ದಬೇಕಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸುಮ್ಮನೆ ಒಪ್ಪಲಿಲ್ಲ. 2020ರಲ್ಲಿ 'ಸರಸ್ 3' ಅನ್ನೋ ತಮ್ಮ ರೇಡಿಯೋ ದೂರದರ್ಶಕವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. (ಹೌದು, ಜೋಗದ ಶರಾವತಿಯೇ!) ನೀರೇ ಯಾಕೆ ಅಂತೀರಾ? ನೆಲದಡಿಯ ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ. ಅದರಿಂದ ಅಳತೆಯಲ್ಲಿ ಸುಳ್ಳು ಗುರುತು ಮೂಡಬಹುದು. ನೀರು ಎಲ್ಲ ಕಡೆ ಒಂದೇ ಸಮ. 2022ರಲ್ಲಿ ಅವರ ಉತ್ತರ ಪ್ರಕಟವಾಯಿತು: ಆ ತಂಡ ಹೇಳಿದ ಗುರುತು ನಮ್ಮ ಅಳತೆಯಲ್ಲಿ ಇಲ್ಲ.

ಮೊದಲ ನಕ್ಷತ್ರಗಳ ನಿಜವಾದ ಗುರುತಿಗಾಗಿ ಹುಡುಕಾಟ ಇನ್ನೂ ನಡೆದೇ ಇದೆ.