ಮಂಗನ ಕಾಯಿಲೆ: ಜ್ವರ ಇಳಿದ ಮೇಲೂ ಎಚ್ಚರವಿರಲಿ



ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹುಂಚ ಸೀಮೆಯೂ ಸೇರಿದಂತೆ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾವು ದರಗು, ಸೊಪ್ಪು, ಸೌದೆಗಳಿಗಾಗಿ ಕಾಡಿಗೆ ಹೋಗುತ್ತೇವೆ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕಾಲವೂ ಇದೇ. ಈ ರೋಗವು ದೇಹದೊಳಗೆ ಹೇಗೆ ನಡೆಯುತ್ತದೆ, ದೇಹವು ಅದನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ರೋಗದ ಮೂಲ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಾಣುವೊಂದನ್ನು ಗುರುತಿಸಿದರು. ಅದಕ್ಕೆ ಆ ಕಾಡಿನ ಹೆಸರೇ ನಿಂತಿತು. ವೈರಾಣುವನ್ನು ಹೊತ್ತು ತರುವುದು ಉಣುಗು. ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳು ಇಳಿದು ಸುತ್ತಲೂ ಹರಡುತ್ತವೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು ಸಲ್ಲದು.

ದೇಹದೊಳಗಿನ ಹೋರಾಟ

ಚರ್ಮವೇ ನಮ್ಮ ಮೊದಲ ಕೋಟೆ. ಉಣುಗು ಆ ಕೋಟೆಯನ್ನು ಕೊರೆದು ಒಳಹೊಗುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ, ಕಚ್ಚಿದ್ದು ಬೇಗ ಅರಿವಾಗದಂತೆ ಮಾಡಿ, ಆ ಜಾಗದ ರಕ್ಷಣೆಯನ್ನೂ ಮಂಕುಗೊಳಿಸುತ್ತದೆ.

ಎರಡನೆಯ ಕಾವಲು ಹುಟ್ಟಿನಿಂದಲೇ ಬಂದದ್ದು. ಭಕ್ಷಕ ಕಣಗಳು ವೈರಾಣುವನ್ನು ನುಂಗಲು ಯತ್ನಿಸುತ್ತವೆ; ಸೋಂಕು ತಗುಲಿದ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಬರುವ ಜ್ವರ, ತಲೆನೋವು, ತೀವ್ರವಾದ ಮೈಕೈನೋವುಗಳಲ್ಲಿ ಈ ಹೋರಾಟದ ಪಾಲೂ ಇದೆ.

ಮೂರನೆಯದು ಶತ್ರುವನ್ನು ಗುರುತಿಸಿ ಕಲಿಯುವ ಪಡೆ. ಬಿ ಕಣಗಳು ವೈರಾಣುವಿಗೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕಣಗಳು ಸೋಂಕಿತ ಕೋಶಗಳನ್ನು ನಾಶಮಾಡುತ್ತವೆ. ಇದು ಸಿದ್ಧವಾಗಲು ಹಲವು ದಿನಗಳು ಬೇಕು. ಈ ನಡುವೆ ಬಿಳಿ ರಕ್ತಕಣಗಳೂ ಕಿರುಬಿಲ್ಲೆಗಳೂ ಕುಸಿದು, ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಒಸರುತ್ತದೆ. ಆರಂಭದಲ್ಲಿ ರಕ್ತಪರೀಕ್ಷೆಯಲ್ಲಿ ವೈರಾಣುವನ್ನೇ ಹುಡುಕುವುದೂ, ಅನಂತರ ಪ್ರತಿಕಾಯವನ್ನು ಹುಡುಕುವುದೂ ಇದೇ ಕಾರಣಕ್ಕೆ.

ಎರಡನೆಯ ಹಂತ

ಬಹುಪಾಲು ರೋಗಿಗಳು ಎರಡು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಶೇಕಡಾ 10ರಿಂದ 20ರಷ್ಟು ಜನರಲ್ಲಿ ಜ್ವರ ಇಳಿದು, ಮೂರನೆಯ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಈ ಸಲ ತೊಂದರೆ ಮಿದುಳು, ನರಗಳದ್ದು: ತೀವ್ರ ತಲೆನೋವು, ಕೈಕಾಲು ನಡುಕ, ದೃಷ್ಟಿದೋಷ, ಬುದ್ಧಿಭ್ರಮೆ. ಜ್ವರ ಬಿಟ್ಟಿತೆಂದು ಮರುದಿನವೇ ತೋಟದ ಕೆಲಸಕ್ಕೆ ಇಳಿಯುವುದು ನಮ್ಮ ರೂಢಿ. ಈ ಕಾಯಿಲೆಯಲ್ಲಿ ಆ ರೂಢಿ ಜೀವಕ್ಕೇ ಎರವಾಗಬಹುದು. ರೋಗಿಗಳಲ್ಲಿ ಶೇಕಡಾ 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ.

ನಾವು ಮಾಡಬೇಕಾದುದು

ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ದಶಕಗಳ ಕಾಲ ನೀಡಿದ ಹಳೆಯ ಲಸಿಕೆಯನ್ನು, ಅದರ ರಕ್ಷಣೆ ಸಾಲದೆಂದು 2022ರಲ್ಲಿ ಕೈಬಿಡಲಾಯಿತು. ಆದ್ದರಿಂದ ದೇಹದ ರಕ್ಷಣಾಪಡೆ ಗೆಲ್ಲುವವರೆಗೆ ನೀರಿನಂಶ, ವಿಶ್ರಾಂತಿ, ವೈದ್ಯರ ನಿಗಾ ಇವೇ ಚಿಕಿತ್ಸೆ.

• ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳೋಣ.
• ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು, ಬಟ್ಟೆಗಳನ್ನು ಒಗೆದು, ಮೈಯನ್ನು ಪರೀಕ್ಷಿಸಿಕೊಳ್ಳೋಣ.
• ಕಾಡಿನಲ್ಲಿ ಮೇದು ಬರುವ ದನಕರುಗಳ ಮೈಯ ಉಣುಗುಗಳನ್ನೂ ನಿವಾರಿಸೋಣ.
• ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸೋಣ.
• ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳೋಣ. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ನಾವಾಗಿಯೇ ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ಮನೆಯಲ್ಲಿ ಯಾರಿಗಾದರೂ ಈ ಜ್ವರ ಬಂದು ಇಳಿದಿದ್ದರೆ, ಮುಂದಿನ ಎರಡು ವಾರ ಅವರ ಮೇಲೆ ಕಣ್ಣಿಟ್ಟಿರೋಣ.