ಆರದ ಬ್ರೇಕ್ ದೀಪ
1989ರಲ್ಲಿ ಬಂದ ಮಾಜ್ದಾ ಮಿಯಾಟಾದಂಥ ಹಳೇ ಸ್ಪೋರ್ಟ್ಸ್ ಕಾರು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ದೀಪ ಆರುತ್ತಿಲ್ಲ. ಎಲ್ಲಿಂದ ಹುಡುಕೋಣ?

ನಾವು ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಓದಿದ ‘ಆರ್ ಗೇಟ್’ ಲೆಕ್ಕವೇ ಇಲ್ಲೂ. ಹ್ಯಾಂಡ್‌ಬ್ರೇಕ್ ಸ್ವಿಚ್, ಬ್ರೇಕ್ ಆಯಿಲ್ ಮಟ್ಟದ ಸ್ವಿಚ್: ಯಾವುದು ಆನ್ ಆದರೂ ದೀಪ ಉರಿಯುತ್ತೆ. ಚಕ್ರಕ್ಕೆ ಅಡೆ ಕೊಟ್ಟು ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡೋಣ. ಯಾವುದನ್ನು ಬಿಚ್ಚಿದಾಗ ದೀಪ ಆರುತ್ತೋ ಕಾರಣ ಆ ಕಡೆ ಇದೆ. ಎರಡನ್ನೂ ಬಿಚ್ಚಿದರೂ ಉರಿದರೆ ವೈರ್ ಎಲ್ಲೋ ಅರ್ತ್ ಆಗಿರಬಹುದು.

ಆಯಿಲ್ ಕಮ್ಮಿ ಇದ್ದರೆ ತುಂಬಿಸಿ ಸುಮ್ಮನಾಗಬಾರದು. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತೆ. ಇಲ್ಲಾಂದ್ರೆ ಎಲ್ಲೋ ಸೋರ್ತಿದೆ. ಇವೆರಡನ್ನೂ ನೋಡದೆ ತುಂಬಿಸಿದರೆ ದೀಪ ಆರುತ್ತೆ, ಅಪಾಯ ಹಾಗೇ ಇರುತ್ತೆ. ಪೆಡಲ್ ಮೆತ್ತಗಾಗಿದ್ದರಂತೂ ಕಾರು ರಸ್ತೆಗೆ ಇಳಿಸೋದೇ ಬೇಡ.